ನ್ಯೂಟ್ರಾನಿಗೆ ಫ್ರೂಟ್ಸ್ ಐಡಿ ಇದೆಯೇ?

ಬರ ಬಂದಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವುದು ನಮ್ಮಲ್ಲಿ ಬಲು ಕಷ್ಟದ ಕೆಲಸ. ಹೊಲದಲ್ಲಿ ನಿಂತು ಒಂದು ಹಿಡಿ ಮಣ್ಣು ಹಿಸುಕಿದವನಿಗೆ ಗೊತ್ತಾಗುತ್ತದೆ, ನಿಜ. ಆದರೆ ಅವನ ಮಾತು ಯಾರಿಗೆ ಬೇಕು? ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆ ಕೈಕೊಟ್ಟಿದ್ದು ಸಾಬೀತಾಗಬೇಕು. ಆಮೇಲೆ ಬಿತ್ತನೆ, ಉಪಗ್ರಹಕ್ಕೆ ಕಾಣುವ ಹಸಿರು, ಮಣ್ಣಿನ ತೇವ, ಕೆರೆ ಮತ್ತು ಅಂತರ್ಜಲ, ಇವುಗಳ ಪರೀಕ್ಷೆ. ಅದೂ ಮುಗಿದ ಮೇಲೆ ಹತ್ತು ಹಳ್ಳಿಗೆ ಒಂದರಂತೆ ಹೊಲ ನೋಡಿ ಬರಬೇಕು. ಬರ ‘ತೀವ್ರ’ವಾಗಿದ್ದರೆ ದಿಲ್ಲಿಯ ದುಡ್ಡು. ‘ಸಾಧಾರಣ’ವಾಗಿದ್ದರೆ ಇಲ್ಲ. ಸಾಧಾರಣವಾಗಿ ಒಣಗಿದ ಜೋಳ ಸಾಧಾರಣವಾಗಿ ಹೊಟ್ಟೆ ತುಂಬಿಸುತ್ತದೆ ಅಂತ ಇರಬೇಕು.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ರಾಜ್ಯ ಘೋಷಿಸಿತು. ತೊಂದರೆ ಏನಪ್ಪಾ ಅಂದರೆ, ಎಷ್ಟೋ ಕಡೆ ಹೊಲ ಹಸಿರಾಗೇ ಇತ್ತು. ಪೈರು ಎದ್ದಿತ್ತು, ಕಾಳು ಕಟ್ಟಲಿಲ್ಲ. ಮೇಲಿಂದ ನೋಡುವ ಉಪಗ್ರಹಕ್ಕೆ ಕಾಳಿನ ಚಿಂತೆ ಯಾಕೆ? ಅದಕ್ಕೆ ‘ಹಸಿರು ಬರ’ ಅಂತ ಹೆಸರು ಕೊಟ್ಟು ವಿವರಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ಮನವಿ, ಅಕ್ಟೋಬರಿನಲ್ಲಿ ಕೇಂದ್ರ ತಂಡ, ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಏಪ್ರಿಲ್ ಕೊನೆಗೆ ದುಡ್ಡು. ಕೇಳಿದ್ದು 18,171 ಕೋಟಿ, ಬಂದಿದ್ದು 3,454 ಕೋಟಿ. ಅಷ್ಟರಲ್ಲಿ ಆ ಹಸಿರು ದನದ ಹೊಟ್ಟೆ ಸೇರಿತ್ತು.

ಇಂಥ ರಾಜ್ಯದಲ್ಲೇ, ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ, ವಿಜ್ಞಾನಿಗಳು ಒಬ್ಬ ವಿಚಿತ್ರ ಸಾಕ್ಷಿಯನ್ನು ಹಿಡಿದಿದ್ದಾರೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಪರಮಾಣುವಿನೊಳಗಿನ ಕಣಗಳಾದ ನ್ಯೂಟ್ರಾನುಗಳು ಚಿಮ್ಮುತ್ತವೆ. ಅವು ನೆಲಕ್ಕಿಳಿದು ತಿರುಗಿ ಮೇಲೆ ಪುಟಿಯುತ್ತವೆ. ಗೋಲಿ ಬಂಡೆಗೆ ಬಡಿದರೆ ಹಾರುತ್ತದೆ, ತನ್ನಷ್ಟೇ ತೂಕದ ಗೋಲಿಗೆ ಬಡಿದರೆ ನಿಂತುಬಿಡುತ್ತದೆ, ಅಲ್ವಾ? ನ್ಯೂಟ್ರಾನಿಗೆ ಸರಿಸಮ ತೂಕದ ಗೋಲಿ ಅಂದರೆ ನೀರಿನಲ್ಲಿರುವ ಹೈಡ್ರೋಜನ್. ಮಣ್ಣು ಒದ್ದೆಯಿದ್ದರೆ ಮೇಲೆ ಬರುವ ವೇಗದ ನ್ಯೂಟ್ರಾನ್ ಕಮ್ಮಿ, ಒಣಗಿದ್ದರೆ ಜಾಸ್ತಿ. ಕಂಬದ ಮೇಲೆ ಕೂತ ಯಂತ್ರ ಸುಮ್ನೆ ಎಣಿಸುತ್ತದೆ. ಸುತ್ತ ಸುಮಾರು 200 ಮೀಟರ್ ಹೊಲದ ತೇವ, ಬೇರಿನ ಆಳದವರೆಗೆ, ಗುದ್ದಲಿ ಮುಟ್ಟದೆ ಗೊತ್ತಾಗುತ್ತದೆ. ಅಮೆರಿಕದ ಸ್ಮ್ಯಾಪ್ ಉಪಗ್ರಹ ನೋಡುವುದು ಮೇಲಿನ 5 ಸೆಂಟಿಮೀಟರ್ ಮಾತ್ರ, ಅದೂ ಸುಮಾರು 36 ಕಿಲೋಮೀಟರಿನ ಒಂದೊಂದು ಚೌಕಕ್ಕೆ. ಅಷ್ಟರಲ್ಲಿ ಬಂಡೀಪುರದ ಕಾಡೂ, ಅರಿಶಿನದ ಹೊಲವೂ, ಹೆದ್ದಾರಿಯೂ ಒಂದೇ ಆಗಿಬಿಡುತ್ತವೆ.

ಸಾಕ್ಷಿ ಚೆನ್ನಾಗಿದ್ದಾನೆ. ಕಚೇರಿಯಲ್ಲಿ ಅವನ ವಿಚಾರಣೆ ಹೇಗೆ ನಡೆದೀತು ನೋಡಿ.

“ಯಾವೂರು?”

“ಆಕಾಶಗಂಗೆ ಕಡೆ, ಸ್ವಾಮಿ.”

“ಪಹಣಿ ಇದೆಯಾ?”

“ಇಲ್ಲ.”

“ರೈತರ ನೋಂದಣಿ ಸಂಖ್ಯೆ, ಅದೇ ಫ್ರೂಟ್ಸ್ ಐಡಿ?”

“ಇಲ್ಲ.”

“ಹೊಲದಲ್ಲಿ ನಿಂತ ಜಿಪಿಎಸ್ ಫೋಟೋ?”

“ನಾನು ಕಣ್ಣಿಗೇ ಕಾಣಲ್ಲ ಸ್ವಾಮಿ.”

“ಹಾಗಾದರೆ ಸೋಮವಾರ ಬಾ.”

ಪರಮಾಣುವಿನಿಂದ ಹೊರಬಿದ್ದ ನ್ಯೂಟ್ರಾನಿನ ಆಯುಸ್ಸು ಸರಾಸರಿ 15 ನಿಮಿಷವೂ ಇಲ್ಲ. ಸೋಮವಾರದ ಮಾತು ಬಿಡಿ, ಊಟದ ವಿರಾಮ ಮುಗಿಯುವವರೆಗೂ ಅದು ಕಾಯಲಾರದು. ಆಯುಸ್ಸು ಜಾಸ್ತಿ ಇರುವ ಕಾರಣಕ್ಕೇ ರೈತ ಕಾಯುತ್ತಾನೆ ಅಂತ ಇಲಾಖೆಗಳು ಲೆಕ್ಕ ಹಾಕಿರಬೇಕು.

ವಿಜ್ಞಾನಿಗಳದ್ದೂ ಕಮ್ಮಿ ತಾಪತ್ರಯವಲ್ಲ. ಯಂತ್ರದ ಲೆಕ್ಕ ಹೊಂದಿಸಲು ಮೊದಲು ಹೊಲದ ನಾನಾ ಕಡೆಯ ಮಣ್ಣು ತಂದು 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಬರದ ವರ್ಷ ಆ ಕೆಲಸ ಅರ್ಧ ಮುಗಿದೇ ಇರುತ್ತದೆ. ಆಮೇಲೆ ಗಾಳಿಯ ಒತ್ತಡ, ಗಾಳಿಯ ತೇವ, ಸೂರ್ಯನ ಚಟುವಟಿಕೆ ಎಲ್ಲಕ್ಕೂ ತಿದ್ದುಪಡಿ ಹಾಕಬೇಕು. ದಿಲ್ಲಿಯಲ್ಲಿ ಯಾವ ಪಕ್ಷ, ಬೆಂಗಳೂರಿನಲ್ಲಿ ಯಾವ ಪಕ್ಷ ಅನ್ನೋದಕ್ಕೆ ಮಾತ್ರ ಅವರ ಸೂತ್ರದಲ್ಲಿ ಜಾಗ ಇಲ್ಲ. ಇಷ್ಟು ದೊಡ್ಡ ಲೋಪ ಇಟ್ಟುಕೊಂಡು ಬರ ಅಳೆಯೋಕೆ ಹೊರಟಿದ್ದಾರೆ!

ಮುಂದೆ ಯಾರಾದರೂ ಉತ್ಸಾಹಿ ಅಧಿಕಾರಿ ಈ ಯಂತ್ರ ತರಿಸಿದರೆ ಒಂದು ಸಲಹೆ. ಬರ ಪರಿಶೀಲನಾ ಸಭೆಯ ಕೊಠಡಿಯಲ್ಲಿ ಪ್ರದರ್ಶನಕ್ಕೆ ಇಡಬೇಡಿ. ಅದು ಸುತ್ತಲಿನ ಹೈಡ್ರೋಜನ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮೇಜಿನ ಮೇಲೆ ಸಾಲಾಗಿ ನಿಂತ ನೀರಿನ ಬಾಟಲಿ ಕಂಡು ರಾಜ್ಯ ಸುಭಿಕ್ಷವಾಗಿದೆ ಅಂತ ವರದಿ ಕೊಟ್ಟೀತು.