ಮೆಟ್ರೋ ಆಮ್ಯಾಲ ನೋಡೂಣು, ಮೊದ್ಲ ಒಂದು ಲೋಕಲ್ ಗಾಡಿ ಬಿಡ್ರಿ

ಇವತ್ತ ಮುಂಜಾನೆ ನಮ್ಮ ಗಲ್ಲಿ ವಾಟ್ಸಾಪ್ ಗ್ರೂಪಿನ್ಯಾಗ ಒಂದು ಮ್ಯಾಪ್ ಬಂದೇತಿ. ಮ್ಯಾಲ ದಪ್ಪ ಅಕ್ಷರದಾಗ "ಬೆಳಗಾವಿ ಮೆಟ್ರೋ". ಕಾಕತಿಯಿಂದ ಮಚ್ಛೆ ತನಕ ಒಂದು ಕೆಂಪು ಗೆರಿ, ಸಾಂಬ್ರಾ ಏರ್‌ಪೋರ್ಟಿಂದ ಹಿಂಡಲಗಾ ತನಕ ಒಂದು ನೀಲಿ ಗೆರಿ, ಎರಡೂ ಚನ್ನಮ್ಮ ಸರ್ಕಲ್‌ದಾಗ ಕೂಡ್ತಾವಂತ. ಜೋಡಿಗೆ ಕಂಪ್ಯೂಟರ್ ತಗದ ಒಂದು ಚಿತ್ರ ಬ್ಯಾರೆ, ಆ ಚಿತ್ರದಾಗ ರಸ್ತೆ ಮ್ಯಾಲ ಒಂದು ಗುಂಡಿ ಇಲ್ಲ, ಒಂದು ಎಮ್ಮಿ ಇಲ್ಲ, ಅಡ್ಡ ನಿಂತ ಆಟೋ ಇಲ್ಲ, ಇದು ಬೆಳಗಾವಿ ಅಂತ ಯಾರು ನಂಬಬೇಕ್ರಿ? ಆದ್ರ ನಂಬ್ಯಾರ. ಅದರ ಕೆಳಗ ಸಾಲಾಗಿ ಕೈ ಮುಗದಾರ, ಹೂವಿನ ಇಮೋಜಿ ಹಾಕ್ಯಾರ, ಗಲ್ಲಿಯ ಹಿರ್ಯಾರೊಬ್ರು "ತುಮಕೂರಿಗೇ ಮೆಟ್ರೋ ಹೊಂಟೈತಿ, ನಾವೇನ್ ಪಾಪ ಮಾಡೀವಿ" ಅಂತ ವಾಯ್ಸ್ ಮೆಸೇಜ್ ಬಿಟ್ಟಾರ.

ಗ್ರೂಪಿನ್ಯಾಗ ಉತ್ತರ ಕೊಟ್ರ ಜಗಳ ಆಗ್ತೈತಿ. ಗಣಪ್ಪನ ಪಟ್ಟಿ ಜಗಳಾನೇ ಇನ್ನೂ ಮುಗದಿಲ್ಲ. ಅದಕ್ಕ ಇಲ್ಲಿ ಬರ್ಯಾಕತ್ತೀನಿ, ಉದ್ದ ಆಗ್ತೈತಿ, ಚಾ ಇಟ್ಕೊಂಡು ಓದ್ರಿ.

ಮೊದಲಿಗೇ ಹೇಳ್ತೀನಿ, ನಾನು ಮೆಟ್ರೋ ವಿರೋಧಿ ಅಲ್ಲ. ನನ್ನ ರೈಲಿನ ಹುಚ್ಚು ನಿಮಗೆಲ್ಲಾ ಗೊತ್ತೈತಿ. ಹಳದಿ ಲೈನ್ ಚಾಲೂ ಆದ ಮ್ಯಾಲ ಬೆಂಗಳೂರಿಗೆ ಹೋದಾಗ ಏನೂ ಕೆಲಸ ಇಲ್ದ ಆರ್‌ವಿ ರೋಡಿಂದ ಬೊಮ್ಮಸಂದ್ರ ತನಕ ಹೋಗಿ, ಅಲ್ಲಿ ಇಳದು ಒಂದು ಚಾ ಕುಡದು, ವಾಪಸ್ ಬಂದಾವ ನಾನು. ನಮ್ಮಾಕಿಗೆ ಬ್ಯಾಂಕಿನ ಕೆಲಸ ಇತ್ತು ಅಂತ ಹೇಳಿದ್ದೆ. (ಇದನ್ನ ಓದೇ ಓದ್ತಾಳ, ಓದ್ಲಿ.) ಮೆಟ್ರೋ ಊರೊಳಗ ಬೇಕು, ಇನ್ನೂ ಬೇಕು. ನನ್ನ ಸಿಟ್ಟು ಇರೂದು ಈ "ಎಳೀರಿ, ಇನ್ನೂ ಮುಂದಕ್ಕ ಎಳೀರಿ" ಅನ್ನೂ ಚಾಳಿ ಮ್ಯಾಲ. ರಬ್ಬರ್ ಅಲ್ರಿ ಅದು.

ಈಗ ತುಮಕೂರಿನ ವಿಷಯಕ್ಕೇ ಬರ್ರಿ. ಬೆಂಗಳೂರು ಮೆಟ್ರೋದ ಹಸಿರು ಲೈನ್ ನಾಗಸಂದ್ರದಿಂದ ಮಾದಾವರಕ್ಕ ಬಂದದ್ದು 2024ರ ನವೆಂಬರ್‌ದಾಗ. ಮೂರು ಕಿಲೋಮೀಟರ್ ಚಿಲ್ಲರ, ಮೂರು ಸ್ಟೇಷನ್, ಅಷ್ಟಕ್ಕ ಎಷ್ಟು ವರ್ಷ ತಗೊಂಡ್ರು ಅನ್ನೂದು ಆ ರಸ್ತೆದಾಗ ಓಡಾಡಿದವರನ್ನ ಕೇಳ್ರಿ. ಈಗ ಮಾದಾವರದಿಂದ ತುಮಕೂರಿಗೆ ಐವತ್ತು ಕಿಲೋಮೀಟರಿಗೂ ಮ್ಯಾಲ ಕಂಬ ನೆಟ್ಟು ಒಯ್ತೀವಿ ಅಂತಾರ. ಮೆಟ್ರೋ ಗಾಡಿ ಎಂಬತ್ತರ ಸ್ಪೀಡ್ ಮುಟ್ಟಬಹುದು, ಆದ್ರ ಕಿಲೋಮೀಟರಿಗೊಂದು, ಎರಡು ಕಿಲೋಮೀಟರಿಗೊಂದು ಸ್ಟೇಷನ್ ನಿಲ್ಕೋತ ಹೋದ್ರ ಸರಾಸರಿ ಬರೂದು ಗಂಟೆಗೆ ಮೂವತ್ತೈದರ ಆಸುಪಾಸು. ಊರ ಹೊರಗ ಸ್ಟೇಷನ್ ದೂರದೂರ ಇರ್ತಾವ ಅಂತ ಇನ್ನೊಂದಿಷ್ಟು ಸ್ಪೀಡ್ ಸೇರಸ್ರಿ, ಆದ್ರೂ ಮೆಜೆಸ್ಟಿಕ್‌ದಿಂದ ತುಮಕೂರಿಗೆ ಎರಡು ತಾಸಿನ ಹತ್ರಹತ್ರ ಆಗ್ತೈತಿ. ಅಡ್ಡ ಸೀಟು, ಅರ್ಧಕ್ಕಿಂತ ಹೆಚ್ಚು ಮಂದಿ ನಿಂತೇ ಹೋಗೂದು, ಡಬ್ಬಿ ಒಳಗ ಸಂಡಾಸ ಇಲ್ಲ. ನಲವತ್ತೈದು ದಾಟಿದ, ಸಕ್ಕರಿ ಇರೋ ನನ್ನಂಥಾವ್ರು ಎಲ್ಲಿಗೆ ಹೋಗಬೇಕ್ರಿ, ದಾಬಸ್‌ಪೇಟೆದಾಗ ಇಳದು ಹೊಲಕ್ಕ?

ಮತ್ತ ಅದೇ ಬೆಂಗಳೂರು ತುಮಕೂರು ನಡುವ ಈಗಾಗಲೇ ಜೋಡಿ ಹಳಿ ಐತಿ. ಕರೆಂಟ್ ಲೈನ್ ಐತಿ. ಚಿಕ್ಕಬಾಣಾವರ, ನಿಡವಂದ, ಕ್ಯಾತ್ಸಂದ್ರ ಅಂತ ನಡುವ ಸ್ಟೇಷನ್ ಅದಾವ. ಸುಮಾರು ಎಪ್ಪತ್ತು ಕಿಲೋಮೀಟರ್ ದಾರಿನ ಎಕ್ಸ್‌ಪ್ರೆಸ್ ಗಾಡಿ ತಾಸು, ತಾಸೂಕಾಲಿನ್ಯಾಗ ಮುಗಸ್ತಾವ. ನಾವು ರಾತ್ರಿ ರಾಣಿ ಚನ್ನಮ್ಮ ಹತ್ತಿ ಹೋಗ್ತೀವಲ್ಲ, ನಸುಕಿನ್ಯಾಗ ತುಮಕೂರು ಬಂದ ಕೂಡ್ಲೇ ಮಂದಿ ಎದ್ದು ಬ್ಯಾಗ್ ಎಳ್ಯಾಕ ಶುರು ಮಾಡ್ತಾರಲ್ಲ, ಅದೇ ದಾರಿ. ಅದರ ಮ್ಯಾಲ ಹತ್ತು ಹದಿನೈದು ನಿಮಿಷಕ್ಕೊಂದು ಮೆಮು (ಕರೆಂಟಿನ ಮ್ಯಾಲ ಓಡೋ ಲೋಕಲ್ ಗಾಡಿ) ಬಿಡಾಕ ಬೇಕಾದ್ದು ಮಾಡೂದು ಬಿಟ್ಟು, ಬಾಜೂಕ ಹೊಸಾ ಕಂಬ ನೆಡೂದು ಯಾವ ಶಾಣ್ಯಾತನ?

ರೊಕ್ಕದ ಲೆಕ್ಕ ನೋಡ್ರಿ. ಮೆಟ್ರೋ ಮೂರನೇ ಹಂತಕ್ಕ ಕೇಂದ್ರ ಸಂಪುಟ 2024ರ ಆಗಸ್ಟ್‌ದಾಗ ಒಪ್ಪಿಗಿ ಕೊಟ್ಟಿದ್ದು 44.65 ಕಿಲೋಮೀಟರಿಗೆ 15,611 ಕೋಟಿ. ಕಿಲೋಮೀಟರಿಗೆ ಸುಮಾರು 350 ಕೋಟಿ ಆತು. ಬೆಂಗಳೂರಿನ ಸಬ್‌ಅರ್ಬನ್ ರೈಲು 148 ಕಿಲೋಮೀಟರಿಗೆ 15,767 ಕೋಟಿ, ಅಂದ್ರ ಕಿಲೋಮೀಟರಿಗೆ ನೂರಾ ಆರು ನೂರಾ ಏಳು. ಇನ್ನ ನಮ್ಮ ಬೆಳಗಾವಿ ಕಿತ್ತೂರ ಧಾರವಾಡ ಹೊಸ ಲೈನ್? 73 ಕಿಲೋಮೀಟರಿಗೆ ಮೊದಲಿನ ಅಂದಾಜು 927 ಕೋಟಿ, ಕಿಲೋಮೀಟರಿಗೆ ಹದಿಮೂರು ಕೋಟಿನೂ ಇಲ್ಲ. ಹೌದ್ರಿ, ಊರೊಳಗಿನ ಕಂಬದ ಲೈನಿಗೂ ಬಯಲಿನ ಹಳಿಗೂ ಹೋಲಿಕಿ ಸರಿ ಅಲ್ಲ ಅಂತೀರಿ, ಗೊತ್ತೈತಿ. ಆದ್ರ ತುಮಕೂರು ರಸ್ತೆದಾಗ ನೆಲಮಂಗಲ ದಾಟಿದ ಮ್ಯಾಲ ಬಯಲೇ ಅಲ್ಲೇನು? ಬಯಲಿನ್ಯಾಗ ಊರಿನ ರೇಟ್ ಯಾಕ ಕೊಡಬೇಕು?

ಅಲ್ಲಿ ಮಂದಿಗೆ ತ್ರಾಸ ಇಲ್ಲ ಅಂತ ನಾನು ಹೇಳೂದಿಲ್ಲ. ನಮ್ಮ ಅಕ್ಕನ ಮಗ ನೆಲಮಂಗಲದಾಗ ಇರ್ತಾನ, ಕೆಲಸ ರಾಜಾಜಿನಗರ ಕಡೆ. ಹ್ವಾದ ಸಲ ಅವನ ಜೋಡಿ ರಾತ್ರಿ ಮಾದಾವರದಾಗ ಇಳದೆ. ಗಾಡಿ ಬಾಗಲ ತಗಿಯೂದೇ ತಡ, ಇಡೀ ಡಬ್ಬಿ ಓಡಾಕ ಶುರು ಆತು. ಹುಡುಗ್ಯಾರು ಚಪ್ಪಲಿ ಕೈಯಾಗ ಹಿಡಕೊಂಡು ಮೆಟ್ಟಲ ಇಳ್ಯಾಕತ್ತಾರ, ಒಬ್ಬಾವ ಫೋನ್‌ನ್ಯಾಗ "ಬಸ್ ತಡಿ ಮಾರಾಯಾ, ಡ್ರೈವರ್‌ಗೆ ಹೇಳು" ಅಂತ ಚೀರಾಕತ್ತಾನ. ನಾನು "ಯಾಕಪಾ, ಬೆಂಕಿ ಬಿತ್ತೇನು" ಅಂತ ಕೇಳಿದ್ರ ನಮ್ಮ ಹುಡುಗ "ಮಾಮಾ, ಓಡ್ರಿ ಸುಮ್ನ, ಈ ಬಸ್ ತಪ್ಪಿದ್ರ ಮುಂದಿಂದ್ರಾಗ ನಿಲ್ಲಾಕೂ ಜಾಗ ಇರೂದಿಲ್ಲ" ಅಂದ. ನನ್ನ ಹೊಟ್ಟಿ ತಗೊಂಡು ನಾನೂ ಓಡಿದೆ. ಹಂಗಾಗಿ ನೆಲಮಂಗಲ ತನಕ ಮೆಟ್ರೋ ಒಯ್ರಿ, ನನ್ನ ತಕರಾರಿಲ್ಲ, ಅದು ಬೆಂಗಳೂರೇ ಆಗೇತಿ ಈಗ. ತುಮಕೂರು ಬ್ಯಾರೆ ಊರು. ಬ್ಯಾರೆ ಊರಿಗೆ ಹೋಗೂ ಗಾಡಿ ಬ್ಯಾರೆ ಇರ್ತೈತಿ.

"ದಿಲ್ಲಿ ಮೆಟ್ರೋ ಗುರುಗ್ರಾಮಕ್ಕ ಹೋಗಿಲ್ಲೇನು, ಬಲ್ಲಭಗಡಕ್ಕ ಹೋಗಿಲ್ಲೇನು" ಅಂತ ಕೇಳಾವ್ರು ಇದ್ದೇ ಇರ್ತೀರಿ. ಹೋಗೇತಿ. ಆದ್ರ ಮೀರತ್‌ಗೆ ಹೋಗು ಅಂದಾಗ ಅದೇ ದಿಲ್ಲಿಯವ್ರು ಮೆಟ್ರೋ ಎಳೀಲಿಲ್ಲ, 82 ಕಿಲೋಮೀಟರಿಗೆ ನಮೋ ಭಾರತ ಅಂತ ಬ್ಯಾರೆ ಗಾಡೀನೇ ಮಾಡಿದ್ರು, ನೂರಾ ಅರವತ್ತರ ಸ್ಪೀಡ್, ದೂರದೂರ ಸ್ಟೇಷನ್. ಮುಂಬೈದಾಗ ವಿರಾರ, ಕರ್ಜತ್, ಕಸಾರಾ ತನಕ ದುಡಿಯೋ ಮಂದಿನ್ನ ಹೊತ್ಕೊಂಡು ಹೋಗೂದು ಲೋಕಲ್. ಬೆಳಗಾವಿಯವರಿಗೆ ಇದನ್ನ ಹೇಳಬೇಕೇನ್ರಿ? ಪ್ರತಿ ಮನಿದಾಗ ಒಬ್ಬ ಕಾಕಾ ಡೊಂಬಿವ್ಲಿದಾಗ ಇರ್ತಾನ. ಅಷ್ಟು ದೂರ ಬ್ಯಾಡ, ಪುಣೆ ಲೋಣಾವಳಾ ಲೋಕಲ್ ನೋಡ್ರಿ, ಮುಂಬೈ ಎಕ್ಸ್‌ಪ್ರೆಸ್ ಓಡೋ ಅದೇ ಮೇನ್ ಲೈನಿನ ಮ್ಯಾಲ ಅರವತ್ತು ಕಿಲೋಮೀಟರಿಗೂ ಮ್ಯಾಲ ಓಡ್ತೈತಿ. ಪುಣೆಗೆ ಮೆಟ್ರೋ ಬಂದದ್ದು 2022ರಾಗ. ಅದಕ್ಕಿಂತ ಮೊದ್ಲಿಂದನೂ ಚಿಂಚವಡ ಕಡೆ ಫ್ಯಾಕ್ಟರಿಗೆ ಹೋಗೂ ಮಂದಿನ್ನ ಹೊತ್ತದ್ದು ಇದೇ ಲೋಕಲ್ಲು.

ಈಗ ನಮ್ಮೂರಿಗೆ ಬರ್ತೀನಿ, ಸಿಟ್ಟಿನ ಮೂಲ ಇಲ್ಲೇ ಐತಿ.

ಬೆಳಗಾವಿ ನಡುವಿನ್ಯಾಗ ರೈಲು ಲೈನ್ ಹೆಂಗ ಹೊಂಟೈತಿ ಅಂತ ಒಮ್ಮಿ ಕಣ್ಣಮುಂದ ತಂದ್ಕೋರಿ. ಖಾನಾಪುರ, ಇದಲಹೊಂಡ, ದೇಸೂರ, ಆಮ್ಯಾಲ ಉದ್ಯಮಬಾಗ ಬಾಜೂಕ ನಾಕನೇ ಗೇಟು, ಮೂರನೇ ಗೇಟು, ಎರಡನೇದು, ಒಂದನೇದು, ಸ್ಟೇಷನ್ನು, ದಾಟಿದ್ರ ಸಾಂಬ್ರಾ, ಸುಳೇಭಾವಿ, ಮುಂದ ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ. ಆ ವಾಟ್ಸಾಪ್ ಮ್ಯಾಪಿನವ ಕೆಂಪು ನೀಲಿ ಗೆರಿ ಹಾಕಾಕ ತ್ರಾಸ ತಗೊಂಡಾನಲ್ಲ, ಗೆರಿ ಮೊದ್ಲ ಐತ್ರಿ! ಅದೂ ಜೋಡಿ ಗೆರಿ. ಲೋಂಡಾ ಮಿರಜ್ ಡಬ್ಲಿಂಗ್ ಮಾಡ್ಯಾರ, ಕರೆಂಟ್ ತಂತಿ ಎಳದಾರ, ಅದರ ಮ್ಯಾಲ 2025ರ ಆಗಸ್ಟ್ 10ರಿಂದ ವಂದೇ ಭಾರತ ಬೆಂಗಳೂರಿಗೆ ಓಡಾಕತ್ತೈತಿ, ಬೆಂಗಳೂರಿನ ಹಳದಿ ಮೆಟ್ರೋಕ್ಕೂ ಅದೇ ದಿನ ಹಸಿರು ನಿಶಾನಿ ತೋರಿಸಿದ್ರು. ಬೆಂಗಳೂರಿಗೆ ಹೋಗಾಕ ನಮಗ ವಂದೇ ಭಾರತ ಬಂತು, ಬಾಳ ಖುಷಿ. ಆದ್ರ ದೇಸೂರಿಂದ ಬೆಳಗಾವಿಗೆ ಬರಾಕ?

ಮುಂಜಾನೆ ಎಂಟರ ಹೊತ್ತಿಗೆ ಖಾನಾಪುರ ರಸ್ತೆಗೆ ಹೋಗಿ ನಿಂದರ್ರಿ. ಉದ್ಯಮಬಾಗದ ಫೌಂಡ್ರಿ ಹುಡುಗೂರು ಬಸ್ಸಿನ ಬಾಗಲಿಗೆ ಜೋತ ಬಿದ್ದಿರ್ತಾರ, ಒಬ್ಬಾವ ತನ್ನ ಬುತ್ತಿ ಚೀಲಾನ ಒಳಗ ಕುಂತ ಯಾರೋ ಅವ್ವನ ತೊಡಿ ಮ್ಯಾಲ ಕಿಟಕಿಯಿಂದ ಇಟ್ಟಿರ್ತಾನ, ಇಳಿಯೂ ಹೊತ್ತಿಗೆ ಆಕಿ ಅದನ್ನ ಹೊರಗ ಕೊಡ್ತಾಳ, ಹೆಸರು ಗೊತ್ತಿಲ್ಲ, ಪರಿಚಯ ಇಲ್ಲ, ದಿನಾ ನಡೀತೈತಿ. ಕಾಲೇಜಿನ ಹುಡುಗ್ಯಾರು ಟಂಟಂದಾಗ ಒಬ್ರ ಮ್ಯಾಲ ಒಬ್ರು. ಇಷ್ಟೆಲ್ಲಾ ಮಂದಿ ಈ ರಸ್ತೆದಾಗ ಒದ್ದಾಡೂ ಹೊತ್ತಿನ್ಯಾಗ, ಅತ್ತಾಗ ಕೂಗಳತಿ ದೂರದಾಗ ಜೋಡಿ ಹಳಿ ಬಿಸಲಿಗೆ ಮೈ ಕಾಸ್ಕೋತ ಮಲಗಿರ್ತಾವ. ಪ್ಯಾಸೆಂಜರ್ ಗಾಡಿ ಇಲ್ಲೇ ಇಲ್ಲ ಅಂತಲ್ಲ, ಅದಾವ, ಆದ್ರ ದುಡಿಯಾಕ ಹೋಗೂ ಮನುಷ್ಯಾಗ ಟೈಮ್ ಹೊಂದಬೇಕಲ್ಲ! ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡು ಅಂತ ಬಾಜೂ ಹಳಿ ಮ್ಯಾಲ ನಿಲ್ಲಿಸಿಬಿಟ್ರ ಯಾವ ಮಾಲಕ ಕೇಳ್ತಾನ ಆ ಕಾರಣಾನ?

ಈ ಮಾತು ಹೇಳಿದಾಗೆಲ್ಲಾ ಬರೂ ಉತ್ತರ ಎರಡೇ. ಒಂದು, "ಲೈನ್ ಬಿಝಿ ಐತಿ, ಗೂಡ್ಸ್ ಓಡ್ತಾವ, ಜಾಗ ಇಲ್ಲ." ಹಳೇ ಪದ್ಧತಿ ಒಳಗ ಒಂದು ಸ್ಟೇಷನ್ನಿಂದ ಇನ್ನೊಂದು ಸ್ಟೇಷನ್ ತನಕ ಒಂದೇ ಗಾಡಿ, ಅದು ಮುಟ್ಟೂ ತನಕ ಹಿಂದಿನದಕ್ಕ ಸಿಗ್ನಲ್ ಬೀಳೂದಿಲ್ಲ, ಖರೇ. ಆಟೋಮ್ಯಾಟಿಕ್ ಸಿಗ್ನಲ್ ಹಾಕಿದ್ರ ಕಿಲೋಮೀಟರಿಗೊಂದು ಸಿಗ್ನಲ್ ಬಂದು ಒಂದರ ಹಿಂದ ಒಂದು ಓಡಸಬಹುದು. ಮೆಮುಗೆ ಎರಡೂ ತುದಿಗೆ ಡ್ರೈವರ್ ಕ್ಯಾಬಿನ್ ಇರ್ತೈತಿ, ಎಂಜಿನ್ ತಿರುಗಿಸಿ ಕಟ್ಟೂ ಉಸಾಬರಿ ಇಲ್ಲ, ಡ್ರೈವರ್ ಈ ತುದಿಯಿಂದ ಆ ತುದಿಗೆ ನಡಕೊಂಡು ಹೋದ್ರ ಮುಗೀತು. ಮತ್ತ ನಾನೇನು ಮುಂಬೈದಂಗ ಮೂರು ನಿಮಿಷಕ್ಕೊಂದು ಕೇಳಾಕತ್ತಿಲ್ಲಲ್ಲ, ಮುಂಜಾನೆ ಎರಡು ಸಂಜೀಕ ಎರಡು. ಅಷ್ಟಕ್ಕೂ ಜಾಗ ಇಲ್ಲ ಅಂದ್ರ ಡಬ್ಲಿಂಗ್ ಯಾಕ ಮಾಡಿದ್ರಿ?

ಎರಡನೇದು, "ಪ್ಯಾಸೆಂಜರ್ ಎಲ್ಲಿ ಅದಾರ? ಗಾಡಿ ಖಾಲಿ ಓಡ್ತಾವ." ಟೈಮಿಗೆ ಗಾಡಿ ಇಲ್ಲ, ಅದಕ್ಕ ಮಂದಿ ಇಲ್ಲ, ಮಂದಿ ಇಲ್ಲ, ಅದಕ್ಕ ಗಾಡಿ ಇಲ್ಲ. ಹುಚ್ಚು ಬಿಡೂ ತನಕ ಮದಿವಿ ಆಗೂದಿಲ್ಲ, ಮದಿವಿ ಆಗೂ ತನಕ ಹುಚ್ಚು ಬಿಡೂದಿಲ್ಲ. ಹತ್ತು ರೂಪಾಯಿಯಿಂದ ಶುರು ಆಗೂ ಟಿಕೀಟು, ತಿಂಗಳ ಪಾಸ್ ಮಾಡಿಸಿದ್ರ ಇನ್ನೂ ಅಗ್ಗ, ಇದನ್ನ ಬ್ಯಾಡ ಅನ್ನೂ ಬಡವ ಯಾವ ಊರಾಗ ಅದಾನ? ಅತ್ತ ಬೆಂಗಳೂರು ಮೆಟ್ರೋದಾಗ 2025ರ ಫೆಬ್ರವರಿಯಿಂದ ದೊಡ್ಡ ಟಿಕೀಟು 60ರಿಂದ 90 ರೂಪಾಯಿ ಆಗೇತಿ. ಕಂಬದ ಮ್ಯಾಲ ಓಡೋ ಗಾಡಿಯ ಸಾಲಾ ತೀರ್ಸೂದು ಯಾರು, ಕುಂತಾವ್ರೇ ತೀರಸಬೇಕು. ನಮ್ಮ ಫೌಂಡ್ರಿ ಹುಡುಗ ದಿನಾ ಅಷ್ಟು ಕೊಡ್ತಾನೇನು?

ಮೆಟ್ರೋ ಮಾಡಬೇಕಂದ್ರ ಕೇಂದ್ರದ 2017ರ ಮೆಟ್ರೋ ನೀತೀನೇ ಐತಿ, ಬ್ಯಾರೆ ದಾರಿ ಏನೇನು ಅದಾವ ಅಂತ ಮೊದ್ಲ ತೂಗಿ ನೋಡಬೇಕು ಅಂತ ಅದರಾಗೇ ಬರದಾರ. 2011ರ ಜನಗಣತಿದಾಗ ನಮ್ಮ ಕಾರ್ಪೊರೇಷನ್ ಹದ್ದಿನೊಳಗ ಐದು ಲಕ್ಷನೂ ತುಂಬಿರಲಿಲ್ಲ. ಈಗ ಬೆಳದೈತಿ, ಒಪ್ಪೀನಿ. ಆದ್ರೂ ಕಾಕತಿಗೆ ಮೆಟ್ರೋ ಕೇಳೂ ಮಂದಿ ಮೊದ್ಲ ಕಾಕತಿಗೆ ಹತ್ತು ಸಿಟಿ ಬಸ್ ಹೆಚ್ಚಿಗಿ ಕೇಳ್ರೆಪಾ.

ದೊಡ್ಡದನ್ನ ಕೇಳಿ ಕೇಳಿ ನಮ್ಮ ಕಡೆಯವರಿಗೆ ಸಿಕ್ಕದ್ದೇನು? ಬಾಗಲಕೋಟ ಕುಡಚಿ ಲೈನ್, 142 ಕಿಲೋಮೀಟರ್, 2010-11ರಾಗ ಮಂಜೂರಾತು. ಆ ವರ್ಷ ಹುಟ್ಟಿದ ಹುಡುಗೂರು ಹತ್ತನೇತ್ತೆ ಪರೀಕ್ಷಾ ಕಟ್ಯಾರ, ರೈಲು ಕುಡಚಿ ಮುಟ್ಟಿಲ್ಲ. ಕಿತ್ತೂರ ಮ್ಯಾಲಿನ ಲೈನು, ಸುರೇಶ ಅಂಗಡಿಯವ್ರು ರೈಲ್ವೆ ರಾಜ್ಯ ಮಂತ್ರಿ ಇದ್ದಾಗ ಹಟ ಹಿಡದು ಮಂಜೂರು ಮಾಡ್ಸಿದ್ದು, 2020ರಾಗ ಅವ್ರು ತೀರ್ಕೊಂಡ್ರು, ಧಾರವಾಡಕ್ಕ ಲೋಂಡಾ ಸುತ್ತಿ 121 ಕಿಲೋಮೀಟರ್ ಹೋಗೂದು ನಮಗ ಇನ್ನೂ ತಪ್ಪಿಲ್ಲ. ದೇಸೂರ, ಗರ್ಲಗುಂಜಿ ಕಡೆ ರೈತರು ಫಲವತ್ತಾದ ಭೂಮಿ ಹೋಗ್ತೈತಿ, ದಾರಿ ಬದಲ ಮಾಡ್ರಿ ಅಂತ ಕುಂತಾರ, ಅವರ ಮಾತಿನ್ಯಾಗೂ ಹುರುಳೈತಿ, ಅದು ಬ್ಯಾರೆನೇ ಪೋಸ್ಟಿನ ವಿಷಯ. ಬೆಂಗಳೂರಿನವ್ರೇನು ಬಾಳ ಶಾಣ್ಯಾರಲ್ಲ ಮತ್ತ, ಸಬ್‌ಅರ್ಬನ್ ರೈಲಿಗೆ 2022ರ ಜೂನ್‌ದಾಗ ಅಡಿಗಲ್ಲು ಹಾಕಿ ನಲವತ್ತು ತಿಂಗಳದಾಗ ಗಾಡಿ ಓಡಸ್ತೀವಿ ಅಂದಿದ್ರು. ನಲವತ್ತು ತಿಂಗಳು ಓಡಿ ಹೋದ್ವು.

ಅದಕ್ಕ ನನ್ನ ಬೇಡಿಕಿ ಸಣ್ಣದೈತಿ. ಖಾನಾಪುರದಿಂದ ಮುಂಜಾನೆ ಏಳಕ್ಕ ಒಂದು, ಎಂಟಕ್ಕ ಒಂದು ಮೆಮು, ಸುಳೇಭಾವಿ ದಾಟಿ ಘಟಪ್ರಭಾ ತನಕ ಹೋಗ್ಲಿ. ಆ ಕಡೆಯಿಂದನೂ ಅದೇ ಹೊತ್ತಿಗೆ ಎರಡು. ಸಂಜೀಕ ಫ್ಯಾಕ್ಟರಿ ಬಿಟ್ಟ ಮ್ಯಾಲ ಹಂಗೇ ವಾಪಸ್. ನಾಕನೇ ಗೇಟಿನ ಹತ್ರ ಉದ್ಯಮಬಾಗಕ್ಕ ಒಂದು ಹಾಲ್ಟ್, ಒಂದು ಪ್ಲಾಟ್‌ಫಾರ್ಮು, ಒಂದು ತಗಡಿನ ಶೆಡ್ಡು, ಒಂದು ಟಿಕೀಟಿನ ಕಿಂಡಿ, ಗ್ರ್ಯಾನೈಟ್ ಬ್ಯಾಡ, ಎಸ್ಕಲೇಟರ್ ಬ್ಯಾಡ. ಪ್ಲಾಟ್‌ಫಾರ್ಮ್ ಮಾತ್ರ ಡಬ್ಬಿ ಬಾಗಲದಷ್ಟು ಎತ್ತರ ಮಾಡ್ರಿ, ನಮ್ಮವ್ವನಂಥಾವ್ರು ಆ ಕಬ್ಬಿಣದ ಮೆಟ್ಟಲ ಹತ್ತಾಕ ಆಗೂದಿಲ್ಲ. ಗ್ರೂಪಿನ ಅಡ್ಮಿನ್ ಸಾಹೇಬ್ರು ಇದನ್ನ ಓದಿದ್ರ, ಮೆಟ್ರೋ ಮನವಿಗೆ ಅಂತ ಸಹಿ ಮಾಡ್ಸಿದ ಕಾಗದ ಹರಿಬ್ಯಾಡ್ರಿ. ಮ್ಯಾಲಿನ ಒಂದು ಸಾಲು ಅಷ್ಟ ಹೊಡದು ಹಾಕಿ ಇದನ್ನ ಬರೀರಿ, ಸಹಿ ಹಂಗೇ ಇರ್ಲಿ, ಹೆಂಗೂ ಓದಿ ಸಹಿ ಮಾಡಿದಾವ್ರು ಯಾರೂ ಇಲ್ಲ.