ಆನಂದಕ್ಕೆ ಹತ್ತರಲ್ಲಿ ಎಷ್ಟು ಅಂಕ?

ಮೂರು ದಿನದ ಆನಂದ ಶಿಬಿರದ ಕೊನೆಗೆ ಕೈಗೊಂದು ಫಾರಂ ಬರುತ್ತದೆ: ಈಗ ನಿಮಗೆ ಆಗುತ್ತಿರುವ ಆನಂದಕ್ಕೆ ಹತ್ತರಲ್ಲಿ ಎಷ್ಟು ಅಂಕ? ಎಂಟಕ್ಕಿಂತ ಕಡಿಮೆ ಬರೆದವರನ್ನು ಸ್ವಯಂಸೇವಕರು ಪಕ್ಕಕ್ಕೆ ಕರೆದು, ನಗುನಗುತ್ತಲೇ, 'ನೀವಿನ್ನೂ ತೆರೆದುಕೊಂಡಿಲ್ಲ' ಎಂದು ಮುಂದಿನ ಹಂತದ ಶಿಬಿರಕ್ಕೆ ಹೆಸರು ಬರೆಸಿಕೊಳ್ಳುತ್ತಾರೆ. ಹತ್ತಕ್ಕೆ ಹತ್ತು ಕೊಟ್ಟವರಿಗೂ ಅದೇ ಶಿಬಿರ. ಅವರು 'ಸಿದ್ಧ'ರಾಗಿದ್ದಾರಲ್ಲ!

ಆನಂದವನ್ನು ಅಳೆಯುವುದು ಹೊಸ ಚಾಳಿಯೇನಲ್ಲ. ತೈತ್ತಿರೀಯ ಉಪನಿಷತ್ತು ಆ ಲೆಕ್ಕವನ್ನು ಎಂದೋ ಹಾಕಿಟ್ಟಿದೆ. ಓದಿದ, ಗಟ್ಟಿಮುಟ್ಟಾದ ಯುವಕ. ಇಡೀ ಭೂಮಿಯ ಸಂಪತ್ತು ಅವನದೇ. ಅವನ ಸುಖ ಒಂದು ಮಾನುಷ ಆನಂದ. ಅಲ್ಲಿಂದ ಮನುಷ್ಯಗಂಧರ್ವರು, ದೇವಗಂಧರ್ವರು, ಪಿತೃಗಳು ಎಂದು ಮೆಟ್ಟಿಲಿಗೊಮ್ಮೆ ನೂರರಿಂದ ಗುಣಿಸುತ್ತ ಹತ್ತು ಮೆಟ್ಟಿಲು ಏರಿದರೆ ಬ್ರಹ್ಮನ ಆನಂದ: ಒಂದರ ಮುಂದೆ 20 ಸೊನ್ನೆ. ಫಾರಂನಲ್ಲಿರುವುದು ಹತ್ತೇ ಚೌಕ. ಸಾಲದ್ದಕ್ಕೆ, ಏರಿದ ಪ್ರತಿ ಮೆಟ್ಟಿಲಲ್ಲೂ ಒಂದೇ ಪಲ್ಲವಿ: 'ಶ್ರೋತ್ರಿಯಸ್ಯ ಚಾಕಾಮಹತಸ್ಯ'. ವೇದ ಬಲ್ಲ, ಆಸೆಯ ಪೆಟ್ಟು ತಿನ್ನದವನಿಗೆ ಇದೆಲ್ಲ ಕೂತಲ್ಲೇ ಉಂಟು. ಅಂಥವನು ಶಿಬಿರದ ಕಡೆ ತಲೆಹಾಕಿಯೂ ಮಲಗುವುದಿಲ್ಲ. ವ್ಯವಹಾರಕ್ಕೆ ಇಂಥವರಿಂದ ಏನೂ ಗಿಟ್ಟದು.

ಹಾಗಾಗಿ ಆನಂದವನ್ನು ಅಲ್ಲೇ ತಯಾರಿಸಬೇಕು. ವಿಧಾನ ಸರಳ. ದೀಪ ಮಂಕು, ಡ್ರಮ್ಮು ಜೋರು, ಅರ್ಧ ಗಂಟೆ ಬಾಯಿಂದ ಬಿರುಬಿರನೆ ಉಸಿರಾಟ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರ, ತುಟಿಯ ಸುತ್ತ ಜುಮುಜುಮು. ಕೆಲವರ ಬೆರಳು ಸೆಟೆದು ಒಳಕ್ಕೆ ಮಡಚಿಕೊಳ್ಳುತ್ತವೆ. 'ಶಕ್ತಿ ಜಾಗೃತವಾಯಿತು!' ಎನ್ನುತ್ತದೆ ಮೈಕು. ಸ್ವಲ್ಪ ಹೊತ್ತು ಮಾಮೂಲಿನಂತೆ ಉಸಿರಾಡಿದರೆ ಶಕ್ತಿ ಮತ್ತೆ ಮುಸುಕೆಳೆದು ಮಲಗುತ್ತದೆ. ಮೂರ್ಛೆರೋಗ, ಹೃದಯದ ತೊಂದರೆ ಇರುವವರಿಗೆ ಇದು ಅಪಾಯ ಎಂಬ ಮಾತು ಫಾರಂನ ಹಿಂಬದಿಯಲ್ಲಿದೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

ವೇದಾಂತಸಾರ ಎಂಬ ಹಳೆಯ ಗ್ರಂಥ ಸಮಾಧಿಗೆ, ಅಂದರೆ ಧ್ಯಾನದ ತುತ್ತತುದಿಗೆ, ನಾಲ್ಕು ವಿಘ್ನ ಹೇಳುತ್ತದೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಮೊದಲ ಮೂರು ತೂಕಡಿಕೆ, ಮನಸ್ಸಿನ ಅಲೆದಾಟ, ಹಳೆ ಆಸೆಗಳ ಜಿಡ್ಡು. ಕೊನೆಯದು ಸಿಕ್ಕಿದ ಸುಖವನ್ನು ಚಪ್ಪರಿಸುತ್ತ ಅಲ್ಲೇ ಕೂತುಬಿಡುವುದು. ಶಿಬಿರ ಪ್ರಮಾಣಪತ್ರ ಕೊಡುವುದು ಈ ನಾಲ್ಕನೆಯದಕ್ಕೆ, ಲ್ಯಾಮಿನೇಷನ್ ಸಹಿತ.

ಯೋಗಸೂತ್ರ ಬರೆದ ಪತಂಜಲಿಯಲ್ಲಿ ಸಂತೋಷ ಒಂದು ನಿಯಮ, ಅಂದರೆ ದಿನಾ ಮಾಡಬೇಕಾದ ಕೆಲಸ: ಇದ್ದದ್ದು ಸಾಕೆನ್ನುವುದು. ಜೊತೆಗೆ ಮುದಿತಾ ಎಂಬುದನ್ನೂ ಹೇಳಿದ್ದಾನೆ, ಪುಣ್ಯವಂತರನ್ನು ಕಂಡು ಹಿಗ್ಗುವುದು. ಅದಕ್ಕೂ ಶಿಬಿರದಲ್ಲಿ ಅವಕಾಶವುಂಟು. ಪಕ್ಕದ ಚಾಪೆಯವರು 10 ಬರೆದದ್ದನ್ನು ಓರೆಗಣ್ಣಲ್ಲಿ ನೋಡಿ, ತಮ್ಮ ಫಾರಂನ 7ಕ್ಕೆ ಎಡಗಡೆ ಒಂದು ಸಣ್ಣ ಗೆರೆ ಬಾಗಿಸಿ 9 ಮಾಡಿಕೊಳ್ಳುತ್ತಾರೆ.