ಸೈನ್ ಮೇಲೊಂದು ಬಾಡಿಗೆ ಮನೆ

ಕಳೆದ ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಮಗಳು ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾಳೆ. ಕಿಟಕಿ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದವಳು ಹೊಸ ಕ್ಯಾಲ್ಕುಲೇಟರನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಪ್ಪಾ, ಇದರಲ್ಲಿ ಪೈ ಎಲ್ಲಿದೆ?" ಅಂದಳು.

ಕನ್ನಡಕ ಹಾಕಿಕೊಂಡು ಹುಡುಕಿದೆ. ಕೆಳಗಿನ ಸಾಲಿನಲ್ಲಿ, ಹತ್ತರ ಘಾತದ ಕೀ ಮೇಲೆ, ಹಳದಿ ಬಣ್ಣದಲ್ಲಿ ಸಾಸಿವೆ ಕಾಳಿನಷ್ಟು ಪೈ ಕೂತಿತ್ತು.

"ಇಷ್ಟು ದೊಡ್ಡ ಮನುಷ್ಯನನ್ನ ಇಲ್ಯಾಕೆ ಇಟ್ಟಿದ್ದಾರೆ?" ಅಂದಳು.

ಒಳ್ಳೆಯ ಪ್ರಶ್ನೆ. ಕರೆಂಟು ಬೇರೆ ಇರಲಿಲ್ಲ. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಗೆ ಚೌಕ ಗೀಚಿ, ನಾನೇ ಒಂದು ಕ್ಯಾಲ್ಕುಲೇಟರಿನ ಪ್ಲಾನ್ ಹಾಕೋಣ ಅಂತ ಕೂತೆ.

ಕೂತ ಐದು ನಿಮಿಷಕ್ಕೇ ಗೊತ್ತಾಯಿತು, ಇದು ಬೆಂಗಳೂರಿನ ತರ್ಟಿ-ಫಾರ್ಟಿ ಸೈಟಿನ ಸಮಸ್ಯೆ. ಜಾಗ ಇರೋದು ಅಂಗೈಯಗಲ. ಬರಬೇಕಾದವರು ಊರಿನಷ್ಟು ಜನ. ನಮ್ಮವರು ಏನು ಮಾಡುತ್ತಾರೆ? ನೆಲಮಹಡಿಯಲ್ಲಿ ಓನರ್ರು, ಮೇಲೆ ಬಾಡಿಗೆಯವರು, ಅದರ ಮೇಲೆ ಇನ್ನೊಂದು ಸಿಂಗಲ್ ರೂಮು. ಕ್ಯಾಲ್ಕುಲೇಟರ್ ಮಾಡುವವರೂ ಅದನ್ನೇ ಮಾಡಿದ್ದಾರೆ. ಮಗಳ ಕೈಯಲ್ಲಿದ್ದದ್ದು ನಮ್ಮ ಕಾಲೇಜುಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಪ್ಲಸ್. ಅದರಲ್ಲಿ ಸೈನ್ ಕೀ ನೋಡಿ. ಕೆಳಗೆ ಸೈನ್ ಸ್ವಂತ ಮನೆಯಲ್ಲಿದೆ. ಮೇಲೆ ಹಳದಿ ಬಣ್ಣದಲ್ಲಿ ಅದರ ವಿಲೋಮ, ಅಂದರೆ ಸೈನ್ ಬೆಲೆ ಕೊಟ್ಟರೆ ಕೋನ ಹೇಳುವವರು. ಪಕ್ಕದಲ್ಲೇ ಕೆಂಪು ಬಣ್ಣದಲ್ಲಿ ಡಿ ಅನ್ನೋ ಅಕ್ಷರ, ಅದು ಸಿಂಗಲ್ ರೂಮಿನ ಬ್ಯಾಚುಲರ್ರು. ಶಿಫ್ಟ್ ಅಂದರೆ ಮನೆ ಹೊರಗಿನ ಮೆಟ್ಟಿಲು. ಹತ್ತಿದರೆ ಹಳದಿಯವರು ಸಿಗುತ್ತಾರೆ. ಆಲ್ಫಾ ಇನ್ನೊಂದು ಮೆಟ್ಟಿಲು, ಕೆಂಪಿನವರಿಗೆ.

ಏಳನೇ ನಂಬರಿನ ಮೇಲಿನ ಮನೆಯಂತೂ ಪಕ್ಕಾ ಪಿ.ಜಿ. ಶಿಫ್ಟ್ ಒತ್ತಿ 7 ಒತ್ತಿದರೆ ವಿಜ್ಞಾನದ 40 ಸ್ಥಿರಾಂಕಗಳು ಅಲ್ಲಿ ತುಂಬಿಕೊಂಡಿವೆ. ಯಾರಿಗೂ ಹೆಸರಿಲ್ಲ, ಬರೀ ಕಾಟ್ ನಂಬರು. ಬೆಳಕಿನ ವೇಗ 28ನೇ ಕಾಟು. ಪ್ಲಾಂಕ್ ಸಾಹೇಬರದು 06. ಯಾರು ಯಾವ ನಂಬರು ಅಂತ ಮುಚ್ಚಳದ ಒಳಗೆ ಪಟ್ಟಿ ಇದೆ. ಪಿ.ಜಿ. ಓನರ್ರು ಬಾಗಿಲ ಹಿಂದೆ ಅಂಟಿಸಿರುತ್ತಾರಲ್ಲ, ಹಾಗೆ.

ನೆಲಮಹಡಿ ಯಾರಿಗೆ ಸಿಕ್ಕಿದೆ ಅಂತ ನೋಡಿದರೆ, ನಮ್ಮ ಬಗ್ಗೆ ಮಾಡಿದವರಿಗೆ ಏನು ಅಭಿಪ್ರಾಯ ಇದೆ ಅಂತ ಗೊತ್ತಾಗುತ್ತದೆ. 9ರ ಪಕ್ಕದಲ್ಲಿ, ಹೆಬ್ಬೆರಳಿಗೆ ಸಲೀಸಾಗಿ ಸಿಗೋ ಜಾಗದಲ್ಲಿ, ಎರಡು ದೊಡ್ಡ ಮನೆಗಳಿವೆ. ಒಂದು ಡೆಲ್, ಇನ್ನೊಂದು ಎಸಿ. ಎರಡೂ ಅಳಿಸೋದಕ್ಕೆ! ಕೂಡೋದು, ಕಳೆಯೋದು ಅವುಗಳಿಗಿಂತ ಕೆಳಗೆ. ಇವರು ತಪ್ಪು ಮಾಡೇ ಮಾಡ್ತಾರೆ ಅನ್ನೋ ನಂಬಿಕೆ ಮೇಲೆ ಕಟ್ಟಿದ ಊರು ಇದು. ಆಫ್ ಕೀಗೆ ಮಾತ್ರ ಸ್ವಂತ ಮನೆ ಇಲ್ಲ. ಎಸಿಯ ಮೇಲೆ ಬಾಡಿಗೆಗಿದೆ. ಅದನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ, ಒಂದಷ್ಟು ಹೊತ್ತು ಸುಮ್ನೆ ಬಿಟ್ಟರೆ ಯಂತ್ರ ತಾನೇ ಮಲಗುತ್ತದೆ.

ಮೈನಸ್‌ಗೆ ಎರಡು ಮನೆ ಯಾಕೆ ಅಂತ ಮಗಳು ಕೇಳಿದಳು. ಒಂದು ಮೈನಸ್ ಪ್ಲಸ್ ಪಕ್ಕದಲ್ಲಿದೆ, ಇನ್ನೊಂದು ಆವರಣದೊಳಗೆ ಕೂತು ದೂರದಲ್ಲಿದೆ. ಇದನ್ನು ಕನ್ನಡದಲ್ಲಿ ಹೇಳಿಕೊಡೋದು ಸುಲಭ. ಒಂದು ಕಳೆಯೋದು, ಇನ್ನೊಂದು ಋಣ. ಕಳೆಯೋದು ಅಂದರೆ ಖರ್ಚು, ಋಣ ಅಂದರೆ ಸಾಲ. "ಎರಡರಲ್ಲೂ ದುಡ್ಡು ಹೋಗತ್ತೆ, ಆದರೆ ಬೇರೆ ಬೇರೆ ಬಾಗಿಲಿಂದ ಕಣೇ" ಅಂದೆ. ಅವಳಿಗೆ ಒಪ್ಪಿಗೆಯಾಯಿತು. ಅವಳಮ್ಮ ಒಳಗಿನಿಂದ, "ಅನುಭವದ ಮಾತು" ಅಂದಳು.

ಎಲ್ಲರಿಗೂ ಸ್ವಂತ ಮನೆ ಇದ್ದ ಕಾಲವೂ ಒಂದಿತ್ತು. 1972ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಎಚ್‌ಪಿ-35 ಅಂತ ಒಂದು ಕ್ಯಾಲ್ಕುಲೇಟರ್ ತಂದಿತು. ಸೈನ್, ಲಾಗ್ ಎಲ್ಲ ಮಾಡುವ ಯಂತ್ರ ಮೇಜಿನಷ್ಟು ಜಾಗ ತಿನ್ನುತ್ತಿದ್ದಾಗ, ಕಂಪನಿ ಕಟ್ಟಿದವರಲ್ಲೊಬ್ಬರಾದ ಬಿಲ್ ಹ್ಯೂಲೆಟ್ ಅವರಿಗೆ ತಮ್ಮ ಅಂಗಿ ಜೇಬಿನಲ್ಲಿ ಹಿಡಿಸುವಂಥದ್ದು ಬೇಕಿತ್ತಂತೆ. ಬೆಲೆ 395 ಡಾಲರ್. 35 ಕೀಗಳಿದ್ದವು, ಅದಕ್ಕೇ ಆ ಹೆಸರು. ಶಿಫ್ಟ್ ಇರಲಿಲ್ಲ. ಆರ್ಕ್ ಅಂತ ಒಂದು ಪುಟ್ಟ ಏಣಿ ಇತ್ತು, ಅದೂ ಸೈನ್, ಕಾಸ್, ಟ್ಯಾನ್ ಮೂವರಿಗೆ ಮಾತ್ರ. ಮಾರನೇ ವರ್ಷ ಎಚ್‌ಪಿ-45 ಬಂತು, ಜೊತೆಗೆ ಚಿನ್ನದ ಬಣ್ಣದ ಶಿಫ್ಟ್ ಕೀ. ಮೆಟ್ಟಿಲು ಕಟ್ಟಿದ ಮೇಲೆ ಮಹಡಿ ಏಳದೆ ಇರುತ್ತದೆಯೇ?

ಆ ಎಚ್‌ಪಿ-35ರಲ್ಲಿ ನನಗೆ ತುಂಬ ಇಷ್ಟವಾಗೋದು ಇನ್ನೊಂದು. ಅದರಲ್ಲಿ 'ಸಮ' ಅನ್ನೋ ಕೀಯೇ ಇಲ್ಲ. ಎರಡು ಒತ್ತಿ ಎಂಟರ್, ಮೂರು ಒತ್ತಿ ಪ್ಲಸ್. ಮುಗಿಯಿತು, ಐದು. ಇದನ್ನು ರಿವರ್ಸ್ ಪೋಲಿಶ್ ಅಂತಾರೆ. ಬಹಳ ಜನಕ್ಕೆ ಇದು ತಲೆಕೆಳಗು ಅನ್ನಿಸುತ್ತದೆ. ನನಗಂತೂ ಅಚ್ಚಕನ್ನಡ ಅನ್ನಿಸಿತು. ನಾವು ಹೇಳೋದೇ ಹಾಗಲ್ವಾ? "ಎರಡಕ್ಕೆ ಮೂರು ಕೂಡಿಸು." ಕ್ರಿಯಾಪದ ಕೊನೆಗೆ. ಹದಿನಾರರ ವರ್ಗಮೂಲ, ಮೂವತ್ತರ ಸೈನ್. ಮೊದಲು ಸಂಖ್ಯೆ, ಆಮೇಲೆ ಅದಕ್ಕೇನು ಮಾಡಬೇಕು ಅನ್ನೋದು. ಹಳೇ ಕ್ಯಾಲ್ಕುಲೇಟರುಗಳಲ್ಲಿ 30 ಒತ್ತಿ ಆಮೇಲೆ ಸೈನ್ ಒತ್ತುತ್ತಿದ್ದೆವು. ಈಗಿನವುಗಳಲ್ಲಿ ಸೈನ್ ಮೊದಲು. ಇಂಗ್ಲಿಷಿನವರ ಬಾಯಿಗೆ ಹೊಂದುವ ಹಾಗೆ ಬದಲಾಯಿಸಿಬಿಟ್ಟರು.

ಜಾಗದ ಸಮಸ್ಯೆ ಮನೆಯದಾದರೆ, ಹೆಸರಿನ ಸಮಸ್ಯೆ ಬೋರ್ಡಿನದು. ಬಾಗಿಲೇ ಗೇಣುದ್ದ, ಅದರ ಮೇಲೆ ಪೂರ್ತಿ ಹೆಸರು ಎಲ್ಲಿ ಬರೆಯೋದು? ಎಲ್ಲ ಚುಟುಕು. ಸಹಜ ಲಾಗರಿದಮ್ಮಿಗೆ ಇಂಗ್ಲಿಷಿನ ಎಲ್ ಮತ್ತು ಎನ್, ಎರಡೇ ಅಕ್ಷರ. ಚಿಕ್ಕ ಎಲ್ ನೋಡೋಕೆ ದೊಡ್ಡ ಐ ಥರಾನೇ ಇರುತ್ತದೆ. ನನ್ನ ಜೊತೆಗೆ ಓದಿದ ಒಬ್ಬ ಪೂರ್ತಿ ಒಂದು ಸೆಮಿಸ್ಟರ್ ಅದನ್ನು 'ಇನ್' ಅಂತಲೇ ಓದಿದ. ಔಟ್ ಕೀ ಎಲ್ಲಿ ಅಂತ ಕೇಳಲಿಲ್ಲ, ಪುಣ್ಯ.

ನಗಬೇಡಿ. ಸೈನ್ ಅನ್ನೋ ಹೆಸರು ಹುಟ್ಟಿದ್ದೇ ಹೀಗೆ. ಆರ್ಯಭಟ 499ರಲ್ಲಿ ಬರೆದಾಗ ಅದು ಅರ್ಧಜ್ಯಾ. ಜ್ಯಾ ಅಂದರೆ ಬಿಲ್ಲಿನ ಹೆದೆ. ವೃತ್ತದ ಕಂಸ ಬಿಲ್ಲಾದರೆ, ಅದರ ಎರಡು ತುದಿ ಸೇರಿಸುವ ಗೆರೆ ಹೆದೆ, ಅದರಲ್ಲಿ ಅರ್ಧ. ಜ್ಯಾಗೆ ಜೀವಾ ಅನ್ನೋ ಹೆಸರೂ ಇತ್ತು. ಅರಬರು ಅದನ್ನು ಎತ್ತಿಕೊಂಡು ಜೀಬ ಅಂತ ಬರೆದುಕೊಂಡರು. ಅವರ ಬರವಣಿಗೆಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದಿಲ್ಲ, ಕಾಣೋದು ವ್ಯಂಜನಗಳ ಅಸ್ಥಿಪಂಜರ. ಮುಂದೆ ಓದಿದವರು ಅದನ್ನು ತಮಗೆ ಗೊತ್ತಿದ್ದ ಪದದಂತೆ 'ಜೈಬ್' ಅಂತ ಓದಿದರು. ಜೈಬ್ ಅಂದರೆ ಎದೆಯ ಮೇಲಿನ ಬಟ್ಟೆಯ ಮಡಿಕೆ, ಮಡಿಲು. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ನಿಯತ್ತಾಗಿ ಅದೇ ಅರ್ಥದ 'ಸೈನಸ್' ಅಂತ ಮಾಡಿದರು. ಅದೇ ಸೈನ್. ನಮ್ಮ ಕಡೆ ಹಕಾರ ನುಂಗುವವರ ಬಾಯಲ್ಲಿ ಆಗುವುದೇ ಅಲ್ಲೂ ಆಯಿತು. ಹೆದೆ ಹೋಗಿ ಎದೆ ಆಯಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆ ಅರಬ್ಬಿ ಜೈಬ್ ಇನ್ನೊಂದು ದಾರಿ ಹಿಡಿದು, ಪಾರಸಿ, ಉರ್ದು ದಾಟಿ ನಮ್ಮೂರಿಗೆ ಬಂದು ಅಂಗಿಯ ಜೇಬಾಯಿತು. ಅಂದರೆ ಬಿಲ್ ಹ್ಯೂಲೆಟ್ ಸಾಹೇಬರು ಸೈನನ್ನು ಜೇಬಿಗೆ ಹಿಡಿಸಿ ಅಂದರಲ್ಲ, ಅವರು ಕೇಳಿದ್ದು ಜೇಬನ್ನು ಜೇಬಿನಲ್ಲಿಡಿ ಅಂತ!

ಸೈನ್ ಮೇಲಿನ ಬಾಡಿಗೆಯವರ ಬೋರ್ಡೂ ತಕರಾರಿನದೇ. ಸೈನ್ ಹೆಗಲ ಮೇಲೆ ಮೈನಸ್ ಒಂದು. ಹಾಗೆ ಬರೆಯೋದನ್ನು 1813ರಲ್ಲಿ ಶುರು ಮಾಡಿದವರು ಇಂಗ್ಲೆಂಡಿನ ಜಾನ್ ಹರ್ಷೆಲ್. ಅದು ವಿಲೋಮ. ಆದರೆ ಅದೇ ಕ್ಯಾಲ್ಕುಲೇಟರಿನಲ್ಲಿ ಎಕ್ಸ್ ಹೆಗಲ ಮೇಲೂ ಮೈನಸ್ ಒಂದು ಇದೆ. ಅದು ವ್ಯುತ್ಕ್ರಮ, ಅಂದರೆ ಒಂದು ಭಾಗಿಸು ಎಕ್ಸ್. ಒಂದೇ ಬೀದಿಯಲ್ಲಿ ಒಂದೇ ಇನಿಷಿಯಲ್ಲಿನ ಇಬ್ಬರು. ಪೋಸ್ಟ್‌ಮ್ಯಾನ್ ತಪ್ಪದೇ ಇರುತ್ತಾನೆಯೇ? ಎಚ್‌ಪಿ-35ರ ಆರ್ಕ್ ಅನ್ನೋ ಬೋರ್ಡೇ ಎಷ್ಟೋ ವಾಸಿ ಅಂತ ನನ್ನ ಮತ.

ನಾನು ಪೆಟ್ಟು ತಿಂದದ್ದು ಮಾತ್ರ ಇದರಿಂದಲ್ಲ. ಓದುವಾಗ ಇಂಟರ್ನಲ್ ಪರೀಕ್ಷೆಯ ಹಿಂದಿನ ದಿನ ಗೆಳೆಯನೊಬ್ಬ ನನ್ನ ಕ್ಯಾಲ್ಕುಲೇಟರ್ ಇಸಕೊಂಡು ಹೋದ. ವಾಪಸ್ ಕೊಟ್ಟಾಗ ತೆರೆಯ ಮೂಲೆಯಲ್ಲಿ ಡಿ ಬದಲು ಜಿ ಇತ್ತು, ಇರುವೆಯಷ್ಟು. ನಾನು ನೋಡಲಿಲ್ಲ. ಡಿ ಅಂದರೆ ಡಿಗ್ರಿ, ಜಿ ಅಂದರೆ ಗ್ರೇಡಿಯನ್, ಪೂರ್ತಿ ಒಂದು ಸುತ್ತಿನಲ್ಲಿ 360ರ ಬದಲು 400. ಆರ್ ಆಗಿದ್ದರೆ ಬಚಾವಾಗುತ್ತಿದ್ದೆ. ರೇಡಿಯನ್ನಿನಲ್ಲಿ 30ರ ಸೈನ್ ಮೈನಸ್ 0.988 ಬರುತ್ತದೆ, ನೋಡಿದ ಕೂಡಲೇ ಏನೋ ಎಡವಟ್ಟು ಅಂತ ಗೊತ್ತಾಗುತ್ತದೆ. ಗ್ರೇಡಿಯನ್ನಿನಲ್ಲಿ ಬರೋದು 0.454. ಅರ್ಧಕ್ಕೆ ಹತ್ತಿರ ಹತ್ತಿರ, ಸಭ್ಯವಾಗಿ ಕಾಣುತ್ತದೆ. 10 ಕಿಲೋನ್ಯೂಟನ್ನಿನ ಬಲಕ್ಕೆ 4.54 ಅಂತ ಉತ್ತರ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದೆ. ಹೀಗೇ ಐದು ಲೆಕ್ಕ.

ಅದಕ್ಕೇ ನನ್ನ ಪ್ಲಾನಿನಲ್ಲಿ ಮೊದಲು ಗ್ರೇಡಿಯನ್ನನ್ನು ಖಾಲಿ ಮಾಡಿಸಿದೆ. ಆಮೇಲೆ ಬೋರ್ಡುಗಳನ್ನು ಕನ್ನಡದಲ್ಲಿ ಬರೆಯೋಣ ಅನ್ನಿಸಿತು. ಸೈನ್ ಜಾಗಕ್ಕೆ ಅದರ ತವರುಮನೆಯ ಹೆಸರೇ ಇರಲಿ ಅಂತ ಜ್ಯಾ ಬರೆದೆ. ಬರೆಯೋಕೆ ಚಂದ. ಆದರೆ ನಮ್ಮ ಅಕ್ಷರಕ್ಕೆ ಒತ್ತು ಕೆಳಗೆ ಇಳಿಯುತ್ತದೆ, ಅದಕ್ಕೇ ಒಂದು ಸೆಲ್ಲಾರ್ ಬೇಕು. ವರ್ಗಮೂಲ ಬರೆಯಹೋದರೆ ಪಕ್ಕದ ಮೂರು ಮನೆಯ ಕಾಂಪೌಂಡು ಒಡೆಯಬೇಕು. ಡೆಲ್‌ಗೆ ಅಳಿಸು, ಅದು ಹಿಡಿಸಿತು.

ಮಹಡಿ ಮನೆ ಕನ್ನಡಕ್ಕೆ ಹೊಸದೇನಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲೇ ನಾನು ದಿನಾ ಟೈಪ್ ಮಾಡೋದು. ಕ ಕೆಳಗೆ, ಶಿಫ್ಟ್ ಹತ್ತಿದರೆ ಖ. ಗ ಕೆಳಗೆ, ಘ ಮೇಲೆ. ಅಲ್ಪಪ್ರಾಣ ನೆಲಮಹಡಿ, ಮಹಾಪ್ರಾಣ ಮೇಲ್ಮಹಡಿ. ನೆನಪಿಡೋದು ಬೇಕಾಗಿಲ್ಲ, ನಾಲಿಗೆಗೇ ಗೊತ್ತಿರುತ್ತದೆ. ಮಾತಾಡುವಾಗ ನಾವು ಮೇಲೆ ಹತ್ತೋದೇ ಇಲ್ಲ, ಭಾಷೆ ಅನ್ನೋದನ್ನು ಬಾಸೆ ಅಂತ ಕೆಳಗೇ ಮುಗಿಸುತ್ತೇವೆ. ಅದು ಬೇರೆ ಮಾತು.

ಮಹಡಿಯೇ ಬೇಡ ಅಂದವರೂ ಇದ್ದಾರೆ. ಇಂಜಿನಿಯರಿಂಗ್ ಓದಿದವರು ಎಂ.ಟೆಕ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆಯಲ್ಲಿ ಈಗ ಸ್ವಂತ ಕ್ಯಾಲ್ಕುಲೇಟರ್ ತರೋ ಹಾಗಿಲ್ಲ, ಕಂಪ್ಯೂಟರಿನ ಪರದೆ ಮೇಲೇ ಒಂದು ಇರುತ್ತದೆ. ಅದು ತೊಟ್ಟಿಮನೆ. ಸೈನ್, ಅದರ ವಿಲೋಮ, ಹೈಪರ್ಬಾಲಿಕ್ ಸೈನ್, ಎಲ್ಲರೂ ಒಂದೇ ನೆಲದ ಮೇಲೆ, ಪಕ್ಕಪಕ್ಕದಲ್ಲಿ. ಮೆಟ್ಟಿಲು ಹತ್ತೋ ಕಷ್ಟ ಇಲ್ಲ. ಆದರೆ ಒಂದೊಂದು ಬಾಗಿಲಿಗೂ ಮೌಸ್ ಹಿಡಕೊಂಡು ನಡೆಯಬೇಕು. ಅಣ್ಣನ ಮಗ ಹೋದ ವರ್ಷ ಮೂರು ಗಂಟೆ ಹಾಗೆ ನಡೆದು ಬಂದು ಮಣಿಕಟ್ಟಿಗೆ ಐಯೋಡೆಕ್ಸ್ ಹಚ್ಚಿಕೊಂಡಿದ್ದ.

ಸಂಜೆ ಐದಕ್ಕೆ ನನ್ನ ಪ್ಲಾನ್ ಮುಗಿಯಿತು. ಕೆಳಗೆ ಐದೈದರ ನಾಲ್ಕು ಸಾಲು, ಮೇಲೆ ಆರಾರರ ಮೂರು ಸಾಲು, ಒಟ್ಟು 38 ಚೌಕ. ಪೈಗೆ ಕಾರ್ನರ್ ಸೈಟು. ಡಿಗ್ರಿಗೂ ರೇಡಿಯನ್ನಿಗೂ ಒಂದೊಂದು ಸ್ವಂತ ಕೀ. ಹೈಪರ್ಬಾಲಿಕ್‌ಗಳ ಹೈಪ್ ಅನ್ನೋ ಕೀ ತಿಂಗಳಿಗೊಮ್ಮೆ ಬರೋ ನೆಂಟ, ಅದನ್ನು ಟ್ಯಾನ್ ಮೇಲಕ್ಕೆ ಕಳಿಸಿದೆ. ವಿಲೋಮಗಳೆಲ್ಲ ಹಳದಿ ಸ್ಕೆಚ್ ಪೆನ್ನಿನಲ್ಲಿ ಮೇಲೆ ಸಾಲಾಗಿ ಕೂತವು. ಒಂದೂ ಚೌಕ ಖಾಲಿ ಇಲ್ಲ. ನನಗೇ ಖುಷಿಯಾಗಿ ಮಗಳನ್ನು ಕರೆದು ತೋರಿಸಿದೆ.

ಅವಳು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದಳು.

"ಚೆನ್ನಾಗಿದೆ ಅಪ್ಪಾ. ಮೇಲೆ ಹತ್ತೋಕೆ ಮೆಟ್ಟಿಲೆಲ್ಲಿ?"

ಅಷ್ಟರಲ್ಲಿ ಕರೆಂಟು ಬಂತು. ಬೆಳಕಿನಲ್ಲಿ ಇನ್ನೊಂದು ಸಲ ನೋಡಿದೆ. 38 ಮನೆ, ಒಂದು ಶಿಫ್ಟ್ ಇಲ್ಲ. ರಬ್ಬರು ಕೈಗೆತ್ತಿಕೊಂಡು ಪೈ ಕಡೆ ನೋಡಿದೆ.